ಅಗ್ಗದ ವಿಮಾನದಲ್ಲಿ ಮೊದಲ ಸಲ ಹೋಗುವವರಿಗೆ



ಬೀಜೋಪಚಾರ, ಕಾಂಪೋಸ್ಟು ಗುಂಡಿ, ದನಗಳ ಕಾಲುಬಾಯಿ ಜ್ವರ ಮುಂತಾದುವನ್ನು ಕುರಿತು ಬರೆಯುವ ಈ ಪುಟದಲ್ಲಿ ವಿಮಾನದ ಮಾತು ಏಕೆಂದು ತಾವು ಕೇಳಬಹುದು. ಕಾರಣವಿದೆ. ಮಗ ಹೈದರಾಬಾದಿನಲ್ಲೋ ಮಗಳು ಪುಣೆಯಲ್ಲೋ ಇರುವ ಮನೆಗಳು ಈಗ ನಮ್ಮ ಪ್ರತಿಯೊಂದು ಹಳ್ಳಿಯಲ್ಲಿಯೂ ಇವೆ. ಮಕ್ಕಳು ಅಲ್ಲಿಂದಲೇ ಟಿಕೆಟ್ ತೆಗೆದು ಅಪ್ಪ ಅಮ್ಮನ ಫೋನಿಗೆ ಕಳುಹಿಸುತ್ತಾರೆ. ಟಿಕೆಟ್ ಬರುವುದು, ಅದನ್ನು ಉಪಯೋಗಿಸುವ ತಿಳಿವಳಿಕೆ ಅದರ ಜೊತೆಗೆ ಬರುವುದಿಲ್ಲ.

ಹೋದ ವರ್ಷ ತಿಪಟೂರಿನ ಕಡೆಯ ತಾಯಿಯೊಬ್ಬರು ಮಗಳ ಹೆರಿಗೆಗೆಂದು ಪುಣೆಗೆ ಹೊರಟರು. ಬೆಂಗಳೂರಿನ ದಟ್ಟಣೆಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು, ವಿಮಾನ ಹೊರಡುವುದಕ್ಕೆ ಐವತ್ತು ನಿಮಿಷವಿದೆ ಎನ್ನುವಾಗ ದೇವನಹಳ್ಳಿಯ ನಿಲ್ದಾಣ ಮುಟ್ಟಿದರು. ರೈಲಿಗಾದರೆ ಐವತ್ತು ನಿಮಿಷ ಬೇಕಾದಷ್ಟು. ಇಲ್ಲಿ ಕೌಂಟರು ಮುಚ್ಚಿತ್ತು. ವಿಮಾನವಿನ್ನೂ ನೆಲದ ಮೇಲೆಯೇ ಇದೆಯಲ್ಲಾ ಎಂದು ಅವರು ಎಷ್ಟು ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. ಅಳಿಯಂದಿರು ಹಳೆಯದರ ಮೂರರಷ್ಟು ಹಣ ಕೊಟ್ಟು ಮರುದಿನಕ್ಕೆ ಹೊಸ ಟಿಕೆಟ್ ತೆಗೆದರು. ಆ ರಾತ್ರಿಯೇ ಹೆರಿಗೆಯಾಯಿತು. ಚೊಚ್ಚಲ ಹೆರಿಗೆ, ತಾಯಿ ಬಳಿಯಲ್ಲಿರಲಿಲ್ಲ.

ಡೇರಿಯ ಕಟ್ಟೆಯ ಮೇಲೆ ಕುಳಿತು ಆಕೆ ಇದನ್ನು ನನಗೆ ಹೇಳಿದಾಗ ಒಂದು ಮಾತು ಕೇಳಿದೆ: ಸಾಮಾನು ಎಷ್ಟಿತ್ತಮ್ಮಾ? ಒಂದೇ ಒಂದು ಕೈಚೀಲ. ಕೈಚೀಲವೊಂದೇ ಇದ್ದು, ಬೋರ್ಡಿಂಗ್ ಪಾಸನ್ನು ಹಿಂದಿನ ದಿನವೇ ಫೋನಿಗೆ ತರಿಸಿಕೊಂಡಿದ್ದರೆ ಆಕೆ ಕೌಂಟರಿನ ಹತ್ತಿರ ಹೋಗಬೇಕಾಗಿಯೇ ಇರಲಿಲ್ಲ. ನೇರವಾಗಿ ತಪಾಸಣೆಯ ಸಾಲಿಗೆ ಹೋಗಿ ವಿಮಾನ ಹಿಡಿಯಬಹುದಾಗಿತ್ತು. ಇದನ್ನು ಆಕೆಗೆ ಮೊದಲೇ ಹೇಳಿದವರಿರಲಿಲ್ಲ. ಆದ್ದರಿಂದ ಈ ಪಾಠ.

ಅಗ್ಗ ಹೇಗಾಯಿತು?

ರಾಗಿ ಕೊಯ್ಲಿನ ಕಾಲದಲ್ಲಿ ಬರುವ ಬಾಡಿಗೆ ಯಂತ್ರವನ್ನು ನೆನೆಸಿಕೊಳ್ಳಿ. ಯಂತ್ರ ಓಡಿದಷ್ಟು ಹೊತ್ತು ಮಾತ್ರ ಅದರ ಯಜಮಾನನಿಗೆ ಸಂಪಾದನೆ. ನಿಮ್ಮ ಹೊಲಕ್ಕೆ ದಾರಿ ಬಿಡಿಸಿರದಿದ್ದರೆ ಅವನು ನಿಂತು ಕಾಯುವುದಿಲ್ಲ, ಪಕ್ಕದ ಹೊಲಕ್ಕೆ ಹೋಗುತ್ತಾನೆ. ಅಗ್ಗದ ವಿಮಾನದ ವ್ಯಾಪಾರವೂ ಹೀಗೆಯೇ. ಒಂದೇ ವಿಮಾನ ದಿನಕ್ಕೆ ಐದಾರು ಸಲ ಹಾರಬೇಕು. ಒಂದು ಊರಿನಲ್ಲಿ ಇಳಿದು, ಜನರನ್ನು ಇಳಿಸಿ, ಗುಡಿಸಿ, ಬೇರೆ ಜನರನ್ನು ಹತ್ತಿಸಿಕೊಂಡು ಸುಮಾರು ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬೇಕು. ಬೆಳಿಗ್ಗೆ ಒಬ್ಬರಿಗಾಗಿ ಹತ್ತು ನಿಮಿಷ ಕಾದರೆ ರಾತ್ರಿಯವರೆಗಿನ ಎಲ್ಲ ಹಾರಾಟಗಳೂ ಹಿಂದೆ ಬೀಳುವುವು. ಕೌಂಟರಿನವರು ಕಲ್ಲುಮನಸ್ಸಿನವರೆಂದಲ್ಲ, ಲೆಕ್ಕವೇ ಹಾಗಿದೆ.

ಎರಡನೆಯದಾಗಿ, ನೀವು ಕೊಡುವ ಹಣ ಮುಖ್ಯವಾಗಿ ಒಂದು ಕುರ್ಚಿಗೆ. ಊಟ, ಕಿಟಕಿಯ ಪಕ್ಕದ ಸೀಟು, ಹೆಚ್ಚಿನ ತೂಕ, ದಿನಾಂಕದ ಬದಲಾವಣೆ, ಇವೆಲ್ಲಕ್ಕೂ ಬೇರೆ ಬೇರೆ ದರ. ಬೇಡದವನು ಕೊಡಬೇಕಾಗಿಲ್ಲ. ನನ್ನನ್ನು ಕೇಳಿದರೆ ಇದು ನ್ಯಾಯವಾದ ಏರ್ಪಾಡು. ಆದರೆ ತಿಳಿಯದೆ ಹೋದವನಿಗೆ ಇದೇ ಬಲೆ.

ನಮ್ಮ ದೇಶದಲ್ಲಿ ಈ ಪದ್ಧತಿಗೆ ನಾಂದಿ ಹಾಡಿದವರು ನಮ್ಮ ಸೀಮೆಯ ರೈತರೊಬ್ಬರು ಎಂಬುದು ಬಹಳ ಮಂದಿಗೆ ತಿಳಿಯದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯವನ್ನು ಬಿಟ್ಟು ಬಂದು ಜಾವಗಲ್ಲಿನ ಹತ್ತಿರ ಬೇಸಾಯ ಮಾಡಿ, ರೇಷ್ಮೆ ಬೆಳೆದವರು. 2003ರಲ್ಲಿ ಅವರು ಏರ್ ಡೆಕ್ಕನ್ ಎಂಬ ಸಂಸ್ಥೆಯನ್ನು ನಡೆಸತೊಡಗಿದರು. ಮೊದಮೊದಲ ಹಾರಾಟಗಳಲ್ಲಿ ಬೆಂಗಳೂರು-ಹುಬ್ಬಳ್ಳಿಯೂ ಒಂದು. ಒಂದು ರೂಪಾಯಿಗೆ ಟಿಕೆಟ್ ಮಾರಿ ಹೆಸರು ಮಾಡಿದ ಸಂಸ್ಥೆಯದು. 2008ರಲ್ಲಿ ಅದು ಕಿಂಗ್‌ಫಿಷರಿನಲ್ಲಿ ಲೀನವಾಯಿತು; 2012ರಲ್ಲಿ ಕಿಂಗ್‌ಫಿಷರ್ ತಾನೇ ನಿಂತುಹೋಯಿತು. ದಾರಿ ಮಾತ್ರ ಉಳಿಯಿತು. ಇಂದು ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸ, ಸ್ಪೈಸ್‌ಜೆಟ್ ಮುಂತಾದುವು ಆ ದಾರಿಯಲ್ಲಿ ನಡೆಯುತ್ತಿವೆ. ಶಿವಮೊಗ್ಗದಿಂದಲೂ 2023ರ ಆಗಸ್ಟಿನಲ್ಲಿ ವಿಮಾನ ಹಾರತೊಡಗಿತು.

ಟಿಕೆಟ್ ತೆಗೆಯುವಾಗ

ವಿಮಾನದ ದರ ಬಸ್ಸಿನ ದರದಂತೆ ನಿಂತ ದರವಲ್ಲ. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿಯ ಧಾರಣೆ ಏರಿಳಿಯುವಂತೆ ಇದೂ ಏರಿಳಿಯುವುದು. ಮೂರು ನಾಲ್ಕು ವಾರ ಮೊದಲು ತೆಗೆದರೆ ಸಾಮಾನ್ಯವಾಗಿ ಕಡಿಮೆ. ಸೀಟುಗಳು ತುಂಬುತ್ತ ಬಂದ ಹಾಗೆ ಹೆಚ್ಚು. ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಹೇಳತೀರದು.

ಹೆಸರಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಆಧಾರ್ ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ ಟಿಕೆಟ್ಟಿನಲ್ಲಿ ಇರಬೇಕು. ನಮ್ಮಲ್ಲಿ ಮನೆಯಲ್ಲಿ ಕರೆಯುವ ಹೆಸರು ಒಂದು, ಪಹಣಿಯಲ್ಲಿ ಒಂದು, ಆಧಾರಿನಲ್ಲಿ ಮತ್ತೊಂದು. ಮಗ ಅವಸರದಲ್ಲಿ ಮನೆಯ ಹೆಸರು ಬರೆದು ಟಿಕೆಟ್ ತೆಗೆದರೆ ನಿಲ್ದಾಣದ ಬಾಗಿಲಿನಲ್ಲಿಯೇ ತೊಡಕು. ಟಿಕೆಟ್ ಬಂದ ಕೂಡಲೇ ಹೆಸರು, ದಿನಾಂಕ, ಹೊತ್ತು, ಇವನ್ನು ಓದಬಲ್ಲವರಿಂದ ಓದಿಸಿಕೊಳ್ಳಿ. ರಾತ್ರಿ 12 ದಾಟಿದ ಮೇಲೆ ಹೊರಡುವ ವಿಮಾನವಾದರೆ ತಾರೀಖನ್ನು ಎರಡು ಸಲ ನೋಡಿ. ಹದಿನೈದನೆಯ ತಾರೀಖಿನ 00:40 ಎಂದಿದ್ದರೆ ಹದಿನಾಲ್ಕನೆಯ ರಾತ್ರಿಯ ಊಟ ಮುಗಿಸಿ ನಿಲ್ದಾಣದಲ್ಲಿರಬೇಕೆಂದು ಅರ್ಥ. ಓದಿಕೊಂಡವರೂ ಇಲ್ಲಿ ಒಂದು ದಿನ ತಪ್ಪುತ್ತಾರೆ.

ಬೋರ್ಡಿಂಗ್ ಪಾಸಿನ ಸಂಗತಿ ಮೇಲೆ ಬಂದಿತು. ಟಿಕೆಟ್ ಬೇರೆ, ಬೋರ್ಡಿಂಗ್ ಪಾಸ್ ಬೇರೆ. ಹೊರಡುವುದಕ್ಕೆ ಒಂದೆರಡು ದಿನ ಮೊದಲು ಸಂಸ್ಥೆಯ ಜಾಲತಾಣದಲ್ಲಿ ಚೆಕ್-ಇನ್ ಎಂಬುದನ್ನು ಮಾಡಿದರೆ ಸೀಟಿನ ಸಂಖ್ಯೆ ಇರುವ ಪಾಸು ಫೋನಿಗೆ ಬರುವುದು. ಅಲ್ಲಿ ಸೀಟಿಗೆ ಹಣ ಕೇಳುವ ಚೌಕಗಳೇ ಕಣ್ಣಿಗೆ ಹೆಚ್ಚಾಗಿ ಬೀಳುವುವು. ಸೀಟನ್ನು ಆರಿಸದೆ ಮುಂದೆ ಹೋದರೆ ಉಳಿದದ್ದರಲ್ಲಿ ಒಂದನ್ನು ಅವರೇ ಕೊಡುತ್ತಾರೆ. ಪಾಸನ್ನು ಕೌಂಟರಿನಲ್ಲಿ ತೆಗೆದುಕೊಂಡರೆ ಕೆಲವು ಸಂಸ್ಥೆಗಳು ಹಣ ಕೇಳುತ್ತಿದ್ದ ಕಾಲವೊಂದಿತ್ತು. ಹಾಗೆ ಕೇಳಕೂಡದೆಂದು 2022ರ ಜುಲೈನಲ್ಲಿ ಕೇಂದ್ರದ ವಿಮಾನಯಾನ ಸಚಿವಾಲಯ ತಿಳಿಸಿತು.

ತೂಕ, ಮತ್ತು ಕೊಬ್ಬರಿಯ ಕಥೆ

ಸಾಮಾನು ಎರಡು ಬಗೆ. ಕೌಂಟರಿನಲ್ಲಿ ಒಪ್ಪಿಸುವ ಲಗೇಜು ಸಾಮಾನ್ಯವಾಗಿ 15 ಕಿಲೋ. ಅದು ವಿಮಾನದ ಹೊಟ್ಟೆಗೆ ಹೋಗುವುದು. ಜೊತೆಯಲ್ಲಿ ಒಯ್ಯುವ ಕೈಚೀಲ 7 ಕಿಲೋ. ಅತಿ ಅಗ್ಗದ ಕೆಲವು ಟಿಕೆಟ್ಟುಗಳಲ್ಲಿ ಆ 15 ಕಿಲೋ ಸೇರಿಯೇ ಇರುವುದಿಲ್ಲ. ಆದ್ದರಿಂದ ಟಿಕೆಟ್ಟಿನಲ್ಲಿ ಬರೆದಿರುವುದನ್ನು ನೋಡತಕ್ಕದ್ದು. ಮಿತಿ ಮೀರಿದರೆ ಪ್ರತಿ ಕಿಲೋಗೂ ನೂರಾರು ರೂಪಾಯಿ ತೆರಬೇಕು. ಆ ಹಣದಲ್ಲಿ ಅದೇ ಅಕ್ಕಿಯನ್ನು ಹೋದ ಊರಿನಲ್ಲಿ ಹತ್ತು ಕಿಲೋ ಕೊಳ್ಳಬಹುದು. ಹೆಚ್ಚಿನ ತೂಕ ಒಯ್ಯಲೇಬೇಕಾದರೆ ಮೊದಲೇ ಜಾಲತಾಣದಲ್ಲಿ ಕೊಂಡುಕೊಳ್ಳಿ; ಕೌಂಟರಿನ ದರಕ್ಕಿಂತ ಕಡಿಮೆಯಾಗುವುದು. ಸೊಸೈಟಿಯ ತೂಕದ ಯಂತ್ರದಲ್ಲಿ ಮನೆ ಬಿಡುವ ಮುನ್ನವೇ ತೂಗಿಕೊಳ್ಳಿ. ಸುಲಿದ ತೆಂಗಿನಕಾಯಿ ಒಂದೊಂದು ಅರ್ಧ ಕಿಲೋ ಆಸುಪಾಸು ಎಂದಿಟ್ಟುಕೊಂಡರೂ ಇಪ್ಪತ್ತು ಕಾಯಿಗೆ ಹತ್ತು ಕಿಲೋ ಆಯಿತು.

ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ನಡೆಸುವ ಕೃಷಿ ಮೇಳವನ್ನು ನೋಡಲು ನಾವು ಆರು ಮಂದಿ ಹೋಗಿದ್ದೆವು. ರೈಲಿನಲ್ಲಿ ಒಂದೂವರೆ ದಿನಕ್ಕೂ ಮೀರಿದ ಹಾದಿ. ವಿಮಾನದಲ್ಲಿ ಎರಡೂಮುಕ್ಕಾಲು ಗಂಟೆ. ಐವರಿಗೆ ಅದೇ ಮೊದಲ ಸಲ. ನಾನೂ ಅದಕ್ಕೆ ಮುಂಚೆ ಒಂದೇ ಒಂದು ಸಲ ಹತ್ತಿದ್ದವನು, ಆದರೂ ಮುಂದಾಳಾಗಿದ್ದೆ. ನಮ್ಮಲ್ಲಿ ಹಿರಿಯರೊಬ್ಬರು ದೆಹಲಿಯಲ್ಲಿರುವ ತಂಗಿಯ ಮನೆಗೆಂದು ಮೂರು ಕಿಲೋ ಉಂಡೆ ಕೊಬ್ಬರಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಸ್ವಂತ ತೋಟದ್ದು, ಅಟ್ಟದ ಮೇಲೆ ವರ್ಷವೊಪ್ಪತ್ತು ಒಣಗಿ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುವ ಕೊಬ್ಬರಿ. ತಪಾಸಣೆಯವರು ಚೀಲವನ್ನು ಪಕ್ಕಕ್ಕಿಟ್ಟು, ಇದು ಬೆಂಕಿ ಹಿಡಿಯುವ ವಸ್ತು, ಬಿಡುವುದಿಲ್ಲ ಎಂದರು. ಹಿರಿಯರಿಗೆ ಸಿಟ್ಟು ಬಂದಿತು. ಅರವತ್ತು ವರ್ಷದಿಂದ ಕೊಬ್ಬರಿ ತಿನ್ನುತ್ತಿದ್ದೇನೆ, ನನ್ನ ಹೊಟ್ಟೆ ಉರಿದಿಲ್ಲವಲ್ಲಾ ಎಂದರು.

ತಪ್ಪು ನನ್ನದು, ನಾನು ವಿಚಾರಿಸಿ ಹೇಳಬೇಕಾಗಿತ್ತು. ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅದನ್ನು ಒತ್ತೊತ್ತಾಗಿ ತುಂಬಿಟ್ಟಾಗ ಎಣ್ಣೆ ಗಾಳಿಯೊಡನೆ ಸೇರಿ ತಾನೇ ತಾನಾಗಿ ಬಿಸಿಯೇರುವ ಗುಣವಿದೆ. ಆದ್ದರಿಂದ ಲೋಕದಲ್ಲೆಲ್ಲ ವಿಮಾನದವರು ಅದನ್ನು ಅಪಾಯದ ಸಾಮಾನುಗಳ ಪಟ್ಟಿಗೆ ಸೇರಿಸಿದ್ದಾರೆ. ಕೈಚೀಲದಲ್ಲಿಯೂ ಬೇಡ, ಲಗೇಜಿನಲ್ಲಿಯೂ ಬೇಡ. ಸರಿಯಾಗಿ ಒಣಗದೆ ಮೂಟೆ ಕಟ್ಟಿದ ಕೊಬ್ಬರಿಯೊಳಕ್ಕೆ ಕೈ ಹಾಕಿದರೆ ಬೆಚ್ಚಗಿರುವುದುಂಟು ಎಂದು ಹಿರಿಯರೇ ಆಮೇಲೆ ವಿಮಾನದಲ್ಲಿ ಕುಳಿತು ಒಪ್ಪಿಕೊಂಡರು. ಆದರೆ ಕೊಬ್ಬರಿ ಹಿಂದೆಯೇ ಉಳಿಯಿತು. ಬೀಳ್ಕೊಡಲು ಯಾರಾದರೂ ಬಂದಿದ್ದರೆ ಅವರ ಕೈಗೆ ಕೊಟ್ಟು ಕಳಿಸಬಹುದಾಗಿತ್ತು. ಇಡೀ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. ಲಗೇಜಿನಲ್ಲಿ ಹಾಕಿ, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ.

ರೈತರು ಕೈತಪ್ಪಿ ಒಯ್ಯುವ ಇತರ ಸಾಮಾನುಗಳೂ ಇವೆ. ಮೇಳದಲ್ಲಿ ಕೊಂಡ ಕೀಟನಾಶಕದ ಸೀಸೆ ಯಾವ ಚೀಲದಲ್ಲಿಯೂ ಸಲ್ಲದು, ಅದು ವಿಷ. ಪೆಟ್ರೋಲು ಹಾಕಿ ಓಡಿಸಿದ ಕಳೆ ಕತ್ತರಿಸುವ ಯಂತ್ರವನ್ನು ತೊಳೆದು ಒರೆಸಿ ತಂದರೂ ಬಿಡರು. ಟ್ಯಾಂಕಿನಲ್ಲಿ ಉಳಿದ ಆವಿಯೇ ಸಾಕು. ಕುಡುಗೋಲು, ಚಾಕು, ಅಡಕೊತ್ತು ಲಗೇಜಿಗೆ. ಎಲೆಯಡಿಕೆ ಚೀಲದಲ್ಲಿ ಅಡಕೊತ್ತು ಮರೆತು ಕಳೆದುಕೊಂಡವರನ್ನು ನಾನು ಬಲ್ಲೆ. ಬೆಂಕಿಪೊಟ್ಟಣ ಮತ್ತು ಲೈಟರನ್ನು ಮನೆಯಲ್ಲಿಯೇ ಬಿಡಿ. ಖಾರದ ಪುಡಿ, ಉಪ್ಪಿನಕಾಯಿ, ತುಪ್ಪ, ಜೇನುತುಪ್ಪ ಲಗೇಜಿಗೆ ಹೋಗಲಿ. ಸೋರದಂತೆ ಎರಡು ಮೂರು ಸುತ್ತು ಕಟ್ಟಬೇಕು. ಫೋನಿಗೆ ಶಕ್ತಿ ತುಂಬುವ ಪವರ್ ಬ್ಯಾಂಕಿನ ನಿಯಮ ಇದಕ್ಕೆ ತಲೆಕೆಳಗು. ಅದನ್ನು ಕೈಚೀಲದಲ್ಲಿಯೇ ಇಡಬೇಕು, ಲಗೇಜಿನಲ್ಲಿ ಇಡಕೂಡದು. ಅದು ಹೊತ್ತಿಕೊಂಡರೆ ಜನರಿರುವ ಕಡೆ ಆರಿಸಬಹುದು, ವಿಮಾನದ ಹೊಟ್ಟೆಯಲ್ಲಿ ನೋಡುವವರು ಯಾರು?

ರೊಟ್ಟಿ, ಚಪಾತಿ, ಚಟ್ನಿಪುಡಿ, ಬಾಳೆಹಣ್ಣು ಧಾರಾಳವಾಗಿ ಒಯ್ಯಿರಿ. ನಿಲ್ದಾಣದಲ್ಲಿ ಎರಡು ಇಡ್ಲಿಯ ಬೆಲೆ ಕೇಳಿದರೆ ಹಸಿವೇ ಹೋಗುವುದು. ಬರಿದಾದ ನೀರಿನ ಸೀಸೆ ಜೊತೆಯಲ್ಲಿರಲಿ, ತಪಾಸಣೆ ದಾಟಿದ ಮೇಲೆ ತುಂಬಿಕೊಳ್ಳಬಹುದು.

ಹೊರಡುವ ದಿನ

ದೇಶದೊಳಗಿನ ಪ್ರಯಾಣಕ್ಕೆ ವಿಮಾನ ಹೊರಡುವ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು; ಮೊದಲ ಸಲವಾದರೆ ಎರಡೂವರೆ. ಲಗೇಜಿನ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುವುದು. ವಿಮಾನಕ್ಕೆ ಹತ್ತಿಸುವ ಗೇಟು ಸುಮಾರು 25 ನಿಮಿಷ ಮೊದಲೇ ಮುಚ್ಚುವುದು. ಟಿಕೆಟ್ಟಿನ ಮೇಲಿನ ಹೊತ್ತು ವಿಮಾನ ಹೊರಡುವ ಹೊತ್ತೇ ಹೊರತು ನೀವು ಹತ್ತುವ ಹೊತ್ತಲ್ಲ. ದೇವನಹಳ್ಳಿ ಬೆಂಗಳೂರಿನ ಆಚೆ ಬದಿಗಿದೆ. ತುಮಕೂರು ರಸ್ತೆಯಿಂದ ಬರುವವರು ಊರಿನ ದಟ್ಟಣೆಗೆಂದು ಇನ್ನೆರಡು ಗಂಟೆ ಸೇರಿಸಿಕೊಂಡರೂ ಹೆಚ್ಚಲ್ಲ. ಅಲ್ಲಿ ಎರಡು ಟರ್ಮಿನಲ್‌ಗಳಿವೆ. ಯಾವುದೆಂದು ಟಿಕೆಟ್ಟಿನಲ್ಲಿ ನೋಡಿ ಬಸ್ಸಿನವನಿಗೆ ಹೇಳಿ.

ಬಾಗಿಲಲ್ಲಿ ಬಂದೂಕು ಹಿಡಿದ ಸಿಪಾಯಿ ಟಿಕೆಟ್ಟನ್ನೂ ಆಧಾರ್ ಚೀಟಿಯನ್ನೂ ನೋಡುತ್ತಾನೆ. ಹೆದರಬೇಕಾದ್ದಿಲ್ಲ, ಎಲ್ಲರನ್ನೂ ಕೇಳುತ್ತಾನೆ. ಒಳಗೆ ಮೊದಲು ಲಗೇಜು ಒಪ್ಪಿಸಬೇಕು. ಅವರು ಕೊಡುವ ಸಣ್ಣ ಚೀಟಿ ಲಗೇಜಿನ ರಸೀತಿ, ಕಳೆದುಕೊಳ್ಳಬೇಡಿ. ಅನಂತರ ತಪಾಸಣೆ. ಫೋನು, ಬೆಲ್ಟು, ಚಿಲ್ಲರೆ ಕಾಸು ಎಲ್ಲವನ್ನೂ ತಟ್ಟೆಯಲ್ಲಿಟ್ಟು ಯಂತ್ರದೊಳಕ್ಕೆ ಬಿಡಬೇಕು. ಹೆಂಗಸರಿಗೆ ಪರದೆಯ ಮರೆಯಲ್ಲಿ ಹೆಂಗಸರೇ ತಪಾಸಣೆ ಮಾಡುವರು. ಬೆಳ್ಳಿಯ ಉಡಿದಾರಕ್ಕೋ ಕಾಲುಂಗುರಕ್ಕೋ ಯಂತ್ರ ಕೂಗಿದರೆ ಗಾಬರಿಯಾಗದೆ ಇಂಥದು ಎಂದು ಹೇಳಿ. ಆಮೇಲೆ ಪಾಸಿನಲ್ಲಿರುವ ಸಂಖ್ಯೆಯ ಗೇಟಿಗೆ ನಡೆಯಬೇಕು. ಈ ಸಂಖ್ಯೆ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು. ಅನೇಕ ನಿಲ್ದಾಣಗಳಲ್ಲಿ ರೈಲು ನಿಲ್ದಾಣದಂತೆ ಕೂಗಿ ಹೇಳುವುದಿಲ್ಲ. ಫಲಕ ನೋಡುತ್ತಿರಬೇಕು, ಇಲ್ಲವೆ ಕೇಳಬೇಕು. ಕೇಳುವುದಕ್ಕೆ ನಾಚಿಕೆ ಬೇಡ. ಕನ್ನಡದಲ್ಲಿಯೇ ಕೇಳಿ, ಬೆಂಗಳೂರಿನಲ್ಲಿ ಉತ್ತರ ಹೇಳುವವರು ಸಿಗುತ್ತಾರೆ. ನಡೆಯಲಾರದ ಹಿರಿಯರಿದ್ದರೆ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಯಿಸಿ.

ವಿಮಾನದೊಳಗೆ ಒಂದು ಸಾಲಿಗೆ ಆರು ಸೀಟು, ನಡುವೆ ಓಣಿ, ಒಟ್ಟು ಸುಮಾರು 180 ಜನ. ಕಾಲು ಚಾಚಲು ಜಾಗ ಕಡಿಮೆ. ಎ ಮತ್ತು ಎಫ್ ಅಕ್ಷರದ ಸೀಟುಗಳು ಕಿಟಕಿಯ ಪಕ್ಕದವು. ವಿಮಾನ ಹತ್ತು ಕಿಲೋಮೀಟರು ಎತ್ತರದಲ್ಲಿ ಹಾರುವಾಗ ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ. ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಆದರೂ ಅದು ಹೆಚ್ಚುಕಡಿಮೆ 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯ ಗಾಳಿಯಷ್ಟೇ ತೆಳುವು. ಏರುವಾಗ ಇಳಿಯುವಾಗ ಕಿವಿ ಕಟ್ಟುವುದು ಈ ಒತ್ತಡ ಬದಲಾಗುವುದರಿಂದಲೇ. ಉಗುಳು ನುಂಗಿ, ಆಕಳಿಸಿ, ಸರಿಹೋಗುವುದು. ಎಳೆಗೂಸಿಗೆ ಆ ಹೊತ್ತಿನಲ್ಲಿ ಹಾಲು ಕುಡಿಸಬೇಕು. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ತುಂಬಿದ ಮೇಲೆ ಬೇರೆ ಸೀಟು ಬೇಕು. ನಡುನಡುವೆ ಮೋಡದಲ್ಲಿ ವಿಮಾನ ಕುಲುಕಾಡಿದರೆ, ಬೆಲ್ಟು ಬಿಗಿದು ಕುಳಿತಿರಿ. ಕೊರಕಲಿನ ದಾರಿಯಲ್ಲಿ ಗಾಡಿ ಹೋದಂತೆ ಅಷ್ಟೇ. ಪಾಯಿಖಾನೆ ಮುಂದೆ ಹಿಂದೆ ಇದೆ. ನೀರು ಎಳೆದುಕೊಳ್ಳುವಾಗ ಭಾರಿ ಸದ್ದಾಗುವುದು, ಏನೂ ಒಡೆದಿಲ್ಲ. ಬೀಡಿ ಸೇದುವುದು ಅಲ್ಲಿ ಶಿಕ್ಷೆಯಾಗುವ ಅಪರಾಧ.

ವಿಮಾನ ತಡವಾದರೆ, ರದ್ದಾದರೆ

ಟಿಕೆಟ್ ಅಗ್ಗವಾದ ಮಾತ್ರಕ್ಕೆ ನಿಮ್ಮ ಹಕ್ಕು ಅಗ್ಗವಾಗುವುದಿಲ್ಲ. ಸರ್ಕಾರದ ಡಿಜಿಸಿಎ ಎಂಬ ಇಲಾಖೆಯ ನಿಯಮಗಳು ಎಲ್ಲ ಸಂಸ್ಥೆಗಳಿಗೂ ಒಂದೇ. ಪುಣೆ, ಹೈದರಾಬಾದಿನಂಥ ಹತ್ತಿರದ ಊರಿಗೆ ನೀವು ಹೊತ್ತಿಗೆ ಸರಿಯಾಗಿ ಬಂದಿದ್ದು, ವಿಮಾನ ಎರಡು ಗಂಟೆಗೆ ಮೀರಿ ತಡವಾದರೆ ತಿಂಡಿ ತೀರ್ಥ ಅವರೇ ಕೊಡಬೇಕು. ಆರು ಗಂಟೆಗೆ ಮೀರಿದರೆ, ಅಥವಾ ಸಂಸ್ಥೆಯೇ ರದ್ದು ಮಾಡಿದರೆ, ಬೇರೆ ವಿಮಾನವನ್ನಾಗಲಿ ಪೂರ್ತಿ ಹಣವನ್ನಾಗಲಿ ಕೇಳಬಹುದು. ಮಂಜು, ಮಳೆಗಾಳಿಯ ಕಾರಣವಾದರೆ ಪರಿಹಾರಧನ ಸಿಗದು, ಆದರೆ ಟಿಕೆಟ್ಟಿನ ಹಣ ನಿಮ್ಮದೇ. ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಹೋಗುವವರು ಮಂಜಿಗಾಗಿ ಅರ್ಧ ದಿನ ಕೈಯಲ್ಲಿಟ್ಟುಕೊಳ್ಳುವುದು ಲೇಸು.

ನೀವೇ ರದ್ದು ಮಾಡಿದರೆ, ಅಥವಾ ಆ ತಾಯಿಯಂತೆ ವಿಮಾನ ತಪ್ಪಿದರೆ, ಟಿಕೆಟ್ಟಿನ ಮೂಲದರ ಬಹುಮಟ್ಟಿಗೆ ಹೋದಂತೆಯೇ. ಆದರೆ ಅದರಲ್ಲಿ ಸೇರಿರುವ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಕ್ಕೆ ಕೊಡಲೇಬೇಕೆಂದು ನಿಯಮವಿದೆ. ನೀವು ಹಾರದೆ ಇದ್ದಾಗ ಅವರು ಅದನ್ನು ಇಟ್ಟುಕೊಳ್ಳುವಂತಿಲ್ಲ. ಕೇಳದಿದ್ದವರಿಗೆ ಇದು ಸಿಗುವುದು ಅಪರೂಪ. ಆ ತಾಯಿಯ ಅಳಿಯಂದಿರಿಂದ ನಾವು ಸಂಸ್ಥೆಗೆ ಬರೆಯಿಸಿದೆವು. ಮೂರು ವಾರದಲ್ಲಿ ಎಂಟುನೂರು ಚಿಲ್ಲರೆ ರೂಪಾಯಿ ಬಂದಿತು. ಸಂಸ್ಥೆ ಉತ್ತರ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಎಂಬ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಫೋನಿನಲ್ಲಿ ಹುಡುಕಿದಾಗ ಸಿಗುವ ಯಾವುದೋ ಸಹಾಯವಾಣಿಗೆ ಕರೆ ಮಾಡಿ ಬ್ಯಾಂಕಿನ ಒಟಿಪಿ ಹೇಳಬೇಡಿ. ಹಣ ಹಿಂದಿರುಗಿಸುವ ನೆಪದಲ್ಲಿ ಇದ್ದ ಹಣವನ್ನೂ ಕೀಳುವವರಿದ್ದಾರೆ.

ಇಳಿದ ಮೇಲೆ ಲಗೇಜು ಸುತ್ತುವ ಪಟ್ಟಿಯ ಮೇಲೆ ಬರುವುದು. ಒಂದೇ ಬಣ್ಣದ ಚೀಲಗಳು ಹತ್ತಾರು ಇರುವುದರಿಂದ ನಿಮ್ಮದಕ್ಕೆ ಕೆಂಪು ದಾರ ಕಟ್ಟಿರಿ. ಹರಿದಿದ್ದರೆ, ಬಾರದಿದ್ದರೆ, ನಿಲ್ದಾಣದಿಂದ ಹೊರಬರುವ ಮೊದಲೇ ಅಲ್ಲಿನ ಮೇಜಿನಲ್ಲಿ ರಸೀತಿ ತೋರಿಸಿ ಬರೆಯಿಸಬೇಕು. ಹೊರಗೆ ಬಂದ ಮೇಲೆ ಹೇಳಿದರೆ ಕೇಳುವವರಿಲ್ಲ. ಹಿಂದಿರುಗುವಾಗ ಯಾವ ಟರ್ಮಿನಲ್ ಎಂಬುದನ್ನೂ ಹೋಗುವಾಗಲೇ ಬರೆದಿಟ್ಟುಕೊಳ್ಳಿ. ದೆಹಲಿಯಲ್ಲಿ ಮೂರು ಇವೆ. ಒಂದನೆಯದು ಉಳಿದೆರಡರಿಂದ ಕೆಲವು ಕಿಲೋಮೀಟರು ದೂರದಲ್ಲಿದೆ.

ಪೂಸಾ ಮೇಳದಲ್ಲಿ ನಮ್ಮ ಹಿರಿಯರು ತರಕಾರಿ ಬೀಜ ಕೊಂಡರು, ಪುಸ್ತಕ ಕೊಂಡರು, ಮೊಮ್ಮಗನಿಗೆ ಒಂದು ಉಣ್ಣೆಯ ಅಂಗಿ ಕೊಂಡರು. ಔಷಧಿಯ ಸೀಸೆಯೊಂದನ್ನು ಕೈಗೆತ್ತಿಕೊಂಡು, ನನ್ನ ಮುಖ ನೋಡಿ, ತಾವೇ ಕೆಳಗಿಟ್ಟರು. ಹೊರಡುವ ದಿನ ಬೆಳಿಗ್ಗೆ ವಸತಿಗೃಹದ ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಕೈಚೀಲವನ್ನು ಇಡಿಸಿದರು. 6 ಕಿಲೋ 800 ಗ್ರಾಂ. ಇನ್ನೂ ಇನ್ನೂರು ಗ್ರಾಂ ಬಾಕಿ ಇದೆಯಲ್ಲಾ ಎಂದು ಅದೇ ಅಂಗಡಿಯಲ್ಲಿ ಇನ್ನೂರು ಗ್ರಾಂ ಕಲ್ಲುಸಕ್ಕರೆ ಕಟ್ಟಿಸಿಕೊಂಡರು.